ಹಲ್ಲಿನ ಕವಚಕ್ಕೆ ಖನಿಜದ ಮರುಪೂರಣ: ಮನೆಯಲ್ಲಿ ರಿಮಿನರಲೈಸಿಂಗ್ ಕ್ರೀಮ್ ಬಳಸುವ ಕ್ರಮ

ದಂತವೈದ್ಯರು ಬರೆದುಕೊಡುವ ರಿಮಿನರಲೈಸಿಂಗ್ ಕ್ರೀಮಿನ ಟ್ಯೂಬು ನೋಡಲು ಟೂತ್‌ಪೇಸ್ಟಿನಂತೆಯೇ ಇರುವುದರಿಂದ, ಅದನ್ನು ಮನೆಗೆ ತಂದ ಅನೇಕರು ಬ್ರಶ್ಶಿಗೆ ಹಾಕಿ ಉಜ್ಜಿ, ಕ್ಷಣದಲ್ಲೇ ಬಾಯಿ ಮುಕ್ಕಳಿಸಿ ಉಗಿದುಬಿಡುತ್ತಾರೆ. ಹಾಗೆ ಬಳಸಿದರೆ ದುಬಾರಿ ಕ್ರೀಮು ಬಚ್ಚಲು ಸೇರುತ್ತದೆಯೇ ಹೊರತು ಹಲ್ಲಿಗೆ ದಕ್ಕುವುದಿಲ್ಲ. ಇದು ಹಲ್ಲನ್ನು ಉಜ್ಜಿ ಶುಚಿಗೊಳಿಸುವ ವಸ್ತುವಲ್ಲ. ಹಲ್ಲಿನ ಮೇಲೆ ಕೂತು, ಜೊಲ್ಲಿನಲ್ಲಿ ನಿಧಾನವಾಗಿ ಬೆರೆತು, ಕವಚ ಕಳೆದುಕೊಂಡ ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಮರಳಿ ಒದಗಿಸುವ ವಸ್ತು. ಆದ್ದರಿಂದ ಯಾವ ಬ್ರ್ಯಾಂಡನ್ನು ಕೊಂಡೆವು ಎಂಬುದಕ್ಕಿಂತ, ಅದು ಹಲ್ಲಿನ ಮೇಲೆ ಎಷ್ಟು ಹೊತ್ತು ಉಳಿಯಿತು, ದಿನದ ಯಾವ ವೇಳೆಯಲ್ಲಿ ಉಳಿಯಿತು ಎಂಬುದೇ ಹೆಚ್ಚು ಮುಖ್ಯವಾಗುತ್ತದೆ.

ಕವಚದಿಂದ ಖನಿಜ ಹೋಗುವುದು ಹೇಗೆ

ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ದೇಹದ ಅತ್ಯಂತ ಗಟ್ಟಿಯಾದ ಅಂಗಾಂಶ. ಅದರ ತೂಕದಲ್ಲಿ ಸುಮಾರು ಶೇಕಡ 96ರಷ್ಟು ಬರೀ ಖನಿಜ, ಅಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದ ಹೈಡ್ರಾಕ್ಸಿಅಪಟೈಟ್ ಹರಳುಗಳು. ಮೂಳೆ ಮುರಿದರೆ ಅದರೊಳಗಿನ ಜೀವಕೋಶಗಳು ಸೇರಿ ಮತ್ತೆ ಕೂಡಿಸುತ್ತವೆ. ಎನಾಮಲಿನಲ್ಲಿ ಅಂಥ ಜೀವಕೋಶಗಳೇ ಇಲ್ಲ. ಅದನ್ನು ಕಟ್ಟಿದ ಕೋಶಗಳು ಹಲ್ಲು ಒಸಡಿನಿಂದ ಹೊರಬರುವ ಹೊತ್ತಿಗೆ ತಮ್ಮ ಕೆಲಸ ಮುಗಿಸಿ ಇಲ್ಲವಾಗಿರುತ್ತವೆ. ಹಾಗಾಗಿ ಒಮ್ಮೆ ಚಕ್ಕೆಯೆದ್ದ ಅಥವಾ ಸವೆದುಹೋದ ಕವಚ ಯಾವ ಕ್ರೀಮಿನಿಂದಲೂ ಮರಳಿ ಬೆಳೆಯುವುದಿಲ್ಲ. ಆದರೆ ಕವಚದ ಚೌಕಟ್ಟು ಹಾಗೆಯೇ ಉಳಿದು, ಅದರೊಳಗಿನ ಖನಿಜ ಮಾತ್ರ ಕಡಿಮೆಯಾಗಿರುವ ಒಂದು ಹಂತವಿದೆ. ಈ ಲೇಖನ ಆ ಹಂತಕ್ಕೆ ಸಂಬಂಧಿಸಿದ್ದು.

ಹುಳಿಯ ಅಂದರೆ ಆಮ್ಲೀಯತೆಯ ಅಳತೆಗೆ ಪಿಎಚ್ ಎನ್ನುತ್ತಾರೆ; ಅದು ಕಡಿಮೆಯಾದಷ್ಟೂ ಆಮ್ಲ ಹೆಚ್ಚು. ಬಾಯಿಯೊಳಗಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲಿನ ಹರಳುಗಳು ಕರಗತೊಡಗುತ್ತವೆ. ಸಕ್ಕರೆ ಹಾಕಿದ ಕಾಫಿ ಕುಡಿದ ಕೆಲವೇ ನಿಮಿಷಗಳಲ್ಲಿ, ಹಲ್ಲಿಗೆ ಅಂಟಿಕೊಂಡಿರುವ ಲೋಳೆಪದರದ ಬ್ಯಾಕ್ಟೀರಿಯಾಗಳು ಆ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸಿ ಪಿಎಚ್ ಮಟ್ಟವನ್ನು ಕೆಳಗಿಳಿಸುತ್ತವೆ. ಜೊಲ್ಲು ಆ ಆಮ್ಲವನ್ನು ತಣಿಸಿ ಮೊದಲಿನ ಸ್ಥಿತಿಗೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆಯಾದರೂ ಬೇಕು. ಆ ನಂತರದ ಬಿಡುವಿನಲ್ಲಿ ಜೊಲ್ಲಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಮರಳಿ ಕವಚದೊಳಗೆ ಸೇರುತ್ತವೆ. ಈ ಕೊಡುಕೊಳ್ಳುವಿಕೆ ದಿನವಿಡೀ ನಡೆಯುತ್ತಲೇ ಇರುತ್ತದೆ. ಹೊತ್ತುಹೊತ್ತಿಗೆ ಊಟ ಮಾಡುವವರ ಹಲ್ಲಿಗೆ ಈ ಬಿಡುವು ಸಾಕಷ್ಟು ಸಿಗುತ್ತದೆ. ಗಂಟೆಗೊಮ್ಮೆ ಸಿಹಿ ಚಹಾ, ಬಿಸ್ಕತ್ತು, ಚಿಕ್ಕಿ ಎಂದು ಬಾಯಾಡಿಸುವವರ ಹಲ್ಲಿಗೆ ಸಿಗುವುದೇ ಇಲ್ಲ. ಒಟ್ಟು ಎಷ್ಟು ಸಕ್ಕರೆ ತಿಂದೆವು ಎಂಬುದರಷ್ಟೇ, ಎಷ್ಟು ಸಲ ತಿಂದೆವು ಎಂಬುದೂ ಹಲ್ಲಿಗೆ ಮುಖ್ಯ.

ಟ್ಯೂಬಿನೊಳಗೆ ಇರುವುದೇನು

ಈ ಬಗೆಯ ಕ್ರೀಮುಗಳಲ್ಲಿ ಹೆಚ್ಚು ಹೆಸರಾದದ್ದು ಜಪಾನಿನ ಜಿಸಿ ಕಂಪನಿಯ ಟೂತ್ ಮೂಸ್. ಅದರ ಸಕ್ರಿಯ ಅಂಶಕ್ಕೆ ಸಿಪಿಪಿ-ಎಸಿಪಿ ಎಂಬ ಸಂಕ್ಷಿಪ್ತ ಹೆಸರಿದೆ. ರೆಕಾಲ್ಡೆಂಟ್ ಎಂಬುದು ಅದರ ವ್ಯಾಪಾರನಾಮ. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಎರಿಕ್ ರೆನಾಲ್ಡ್ಸ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ರೂಪಿಸಿದರು. ಇದರ ಮೂಲ ಹಾಲಿನಲ್ಲಿದೆ. ನೀರಿನಲ್ಲಿ ಹೆಚ್ಚು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಒಟ್ಟಿಗೆ ಇದ್ದರೆ ಅವೆರಡೂ ಕೂಡಿ ತಳದಲ್ಲಿ ಗಸಿಯಾಗಿ ಕೂರಬೇಕು; ಹಾಲಿನಲ್ಲಿ ಹಾಗಾಗದಿರುವುದಕ್ಕೆ ಕೇಸೀನ್ ಎಂಬ ಪ್ರೋಟೀನು ಅವುಗಳನ್ನು ಹಿಡಿದಿಟ್ಟುಕೊಂಡಿರುವುದೇ ಕಾರಣ. ಅದೇ ಕೇಸೀನಿನ ತುಣುಕುಗಳನ್ನು ಬೇರ್ಪಡಿಸಿ, ಅವುಗಳ ಆಸರೆಯಲ್ಲಿ ಕ್ಯಾಲ್ಸಿಯಂ ಫಾಸ್ಫೇಟಿನ ಅತಿಸೂಕ್ಷ್ಮ ಗುಚ್ಛಗಳನ್ನು ಇರಿಸಿದಾಗ, ಅವು ಹಲ್ಲಿನ ಮೇಲ್ಮೈಗೂ ಅಲ್ಲಿನ ಲೋಳೆಪದರಕ್ಕೂ ಅಂಟಿಕೊಂಡು, ಪಿಎಚ್ ಇಳಿದಾಗ ಖನಿಜವನ್ನು ಬಿಟ್ಟುಕೊಡುತ್ತವೆ.

ಮಾರುಕಟ್ಟೆಯಲ್ಲಿ ಇದರ ಜೊತೆಗೆ ಬೇರೆ ಬಗೆಗಳೂ ಇವೆ. ನ್ಯಾನೋ-ಹೈಡ್ರಾಕ್ಸಿಅಪಟೈಟ್ ಇರುವ ಪೇಸ್ಟುಗಳು ಜಪಾನಿನಲ್ಲಿ 1980ರ ದಶಕದಿಂದಲೇ ಬಳಕೆಯಲ್ಲಿವೆ. ನೋವಾಮಿನ್ ಎಂದು ಕರೆಯುವ ಕ್ಯಾಲ್ಸಿಯಂ ಸೋಡಿಯಂ ಫಾಸ್ಫೋಸಿಲಿಕೇಟ್ ಹೆಚ್ಚಾಗಿ ಹಲ್ಲು ಜುಮ್ಮೆನ್ನುವವರಿಗಾಗಿ ತಯಾರಾಗುವ ಪೇಸ್ಟುಗಳಲ್ಲಿರುತ್ತದೆ. ಈ ಎರಡೂ ಸಾಮಾನ್ಯವಾಗಿ ಉಜ್ಜುವ ಪೇಸ್ಟಿನ ರೂಪದಲ್ಲೇ ಬರುವುದರಿಂದ ಅವುಗಳ ಬಳಕೆಯ ಕ್ರಮ ಬೇರೆ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಅಂಶಗಳ ಪಟ್ಟಿಯನ್ನು ಓದಿ, ಇದು ಉಜ್ಜುವುದೋ ಹಚ್ಚಿ ಬಿಡುವುದೋ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಸಿಪಿಪಿ-ಎಸಿಪಿ ಕ್ರೀಮಿನಲ್ಲೂ ಎರಡು ಬಗೆಯಿದೆ. ಒಂದರಲ್ಲಿ ಫ್ಲೋರೈಡ್ ಇಲ್ಲ. ಪ್ಲಸ್ ಎಂಬ ಹೆಸರಿನದರಲ್ಲಿ 900 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 900 ಭಾಗ, ಫ್ಲೋರೈಡ್ ಇದೆ. ಈ ವ್ಯತ್ಯಾಸ ಮಕ್ಕಳ ವಿಷಯದಲ್ಲಿ ಬಹಳ ಮುಖ್ಯವಾಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹುಳುಕನ್ನು ತಡೆಯುವುದರಲ್ಲಿ ಇಂದಿಗೂ ಅತ್ಯಂತ ಗಟ್ಟಿಯಾದ ಪುರಾವೆಯಿರುವುದು ಫ್ಲೋರೈಡ್ ಟೂತ್‌ಪೇಸ್ಟಿಗೇ. ಅದರ ಜೊತೆಗೆ ಈ ಕ್ರೀಮನ್ನೂ ಬಳಸಿದಾಗ ಸಿಗುವ ಹೆಚ್ಚುವರಿ ಲಾಭದ ಬಗ್ಗೆ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ; ಕೆಲವು ಒಳ್ಳೆಯ ಫಲ ತೋರಿಸಿದರೆ, ಕೆಲವು ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂದಿವೆ. ಹೀಗಾಗಿ ಫ್ಲೋರೈಡ್ ಪೇಸ್ಟನ್ನು ಬಿಟ್ಟು ಕ್ರೀಮನ್ನು ಹಿಡಿಯುವುದು ತಪ್ಪು ಲೆಕ್ಕ. ಖನಿಜ ಕಳೆದು ಹಲ್ಲಿನ ಮೇಲೆ ಬಿಳಿ ಕಲೆ ಮೂಡಿರುವವರು, ಹಲ್ಲಿಗೆ ತಂತಿ ಕಟ್ಟಿಸಿಕೊಂಡವರು, ಬಾಯಿ ಒಣಗುವ ತೊಂದರೆಯಿರುವವರು, ಬ್ಲೀಚಿಂಗ್ ಮಾಡಿಸಿಕೊಂಡ ಮೇಲೆ ಹಲ್ಲು ಜುಮ್ಮೆನ್ನುವವರು ಪೇಸ್ಟಿನ ಜೊತೆಗೆ ಇದನ್ನು ಸೇರಿಸಿಕೊಳ್ಳುವುದರಲ್ಲಿ ಅರ್ಥವಿದೆ. ಯಾವ ತೊಂದರೆಯೂ ಇಲ್ಲದ ಗಟ್ಟಿ ಹಲ್ಲಿನವರು ಇದಕ್ಕಾಗಿ ಹಣ ಖರ್ಚು ಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ಹಚ್ಚುವ ಮೊದಲು ಹಲ್ಲನ್ನು ನೋಡಿಕೊಳ್ಳುವುದು

ಬೆಳಕು ಚೆನ್ನಾಗಿರುವ ಕಡೆ ಕನ್ನಡಿಯ ಮುಂದೆ ನಿಂತು, ತುಟಿಯನ್ನು ಮೇಲೆತ್ತಿ, ಒಸಡಿನ ಅಂಚಿನಲ್ಲಿರುವ ಹಲ್ಲಿನ ಭಾಗವನ್ನು ಗಮನಿಸಿ. ಮೊದಲು ಒದ್ದೆಯಾಗಿರುವಾಗ ನೋಡಿ, ಅನಂತರ ಶುಭ್ರವಾದ ಹತ್ತಿಬಟ್ಟೆಯಿಂದ ಹಲ್ಲನ್ನು ಒರೆಸಿ, ಒಂದಿಷ್ಟು ಹೊತ್ತು ಬಾಯಿ ತೆರೆದಿಟ್ಟು ಒಣಗಲು ಬಿಟ್ಟು ಮತ್ತೆ ನೋಡಿ. ಒಣಗಿದಾಗ ಮಾತ್ರ ಸೀಮೆಸುಣ್ಣದಂಥ ಮಾಸಲು ಬಿಳುಪು ಕಂಡರೆ ಖನಿಜ ನಷ್ಟ ಇನ್ನೂ ಮೇಲ್ಮಟ್ಟದಲ್ಲಿದೆ ಎಂದು ತಿಳಿಯಬಹುದು. ಒದ್ದೆಯಿರುವಾಗಲೂ ಕಂಡರೆ ಅದು ಆಳಕ್ಕೆ ಇಳಿದಿದೆ. ಇದರ ಹಿಂದಿರುವುದು ಬೆಳಕಿನ ವಕ್ರೀಭವನದ ನಿಯಮ, ಅಂದರೆ ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಬೆಳಕು ಬಾಗುವ ನಿಯಮ. ಎನಾಮಲಿನ ವಕ್ರೀಭವನ ಸೂಚ್ಯಂಕ ಸುಮಾರು 1.62, ನೀರಿನದು 1.33, ಗಾಳಿಯದು 1. ಖನಿಜ ಹೋಗಿ ಉಂಟಾದ ಸೂಕ್ಷ್ಮರಂಧ್ರಗಳಲ್ಲಿ ನೀರಿದ್ದಾಗ ಬೆಳಕು ಅಷ್ಟಾಗಿ ಚದುರುವುದಿಲ್ಲ. ಒಣಗಿ ಗಾಳಿ ತುಂಬಿದೊಡನೆ ವ್ಯತ್ಯಾಸ ದೊಡ್ಡದಾಗಿ ಬೆಳಕು ಚದುರುತ್ತದೆ, ಕಲೆ ಬೆಳ್ಳಗೆ ಎದ್ದು ಕಾಣುತ್ತದೆ. ದಂತವೈದ್ಯರು ಪರೀಕ್ಷೆಯ ವೇಳೆ ಹಲ್ಲಿನ ಮೇಲೆ ಗಾಳಿ ಊದುವುದಕ್ಕೆ ಇದೂ ಒಂದು ಕಾರಣ.

ಕಲೆ ಕಂಡರೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ. ಆದರೆ ಕಂದು ಅಥವಾ ಕಪ್ಪು ಬಣ್ಣದ ಗುಳಿ, ನಾಲಿಗೆಗೆ ಸಿಗುವ ತೂತು, ರಾತ್ರಿ ತಾನಾಗಿಯೇ ಬರುವ ನೋವು, ಬಿಸಿ ಅಥವಾ ತಣ್ಣನೆಯದನ್ನು ಕುಡಿದ ಮೇಲೂ ನಿಮಿಷಗಟ್ಟಲೆ ಉಳಿಯುವ ಜುಮ್ಮು, ಒಸಡಿನ ಮೇಲೆ ಕೀವಿನ ಗುಳ್ಳೆ ಇವುಗಳಲ್ಲಿ ಯಾವುದಿದ್ದರೂ ಕ್ರೀಮಿನ ಯೋಚನೆಯನ್ನು ಬದಿಗಿಟ್ಟು ದಂತವೈದ್ಯರ ಬಳಿಗೆ ಹೋಗಬೇಕು. ತೂತು ಬಿದ್ದ ಹಲ್ಲಿಗೆ ತಿಂಗಳುಗಟ್ಟಲೆ ಕ್ರೀಮ್ ಹಚ್ಚುತ್ತ ಕೂತರೆ, ಸಣ್ಣ ಭರ್ತಿಯಲ್ಲಿ ಮುಗಿಯಬೇಕಾದದ್ದು ಬೇರುನಾಳದ ಚಿಕಿತ್ಸೆಗೆ ತಲುಪುತ್ತದೆ.

ಕರ್ನಾಟಕದ ಓದುಗರಿಗೆ ಇನ್ನೊಂದು ಎಚ್ಚರಿಕೆಯಿದೆ. ಪಾವಗಡ, ಮುಂಡರಗಿ, ಬಾಗೇಪಲ್ಲಿಯಂಥ ಕಡೆಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಎಲ್ಲರಿಗೂ ತಿಳಿದ ಸಂಗತಿ. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದನ್ನು ಮೀರಿದ ನೀರನ್ನು ಚಿಕ್ಕಂದಿನಲ್ಲಿ, ಹಲ್ಲು ಇನ್ನೂ ದವಡೆಯೊಳಗೆ ರೂಪುಗೊಳ್ಳುತ್ತಿರುವಾಗ ಕುಡಿದವರ ಹಲ್ಲಿನಲ್ಲಿ ಬಿಳಿ ಗೆರೆಗಳೂ ಕಂದು ಛಾಯೆಯೂ ಮೂಡುತ್ತವೆ. ಇದು ಫ್ಲೋರೋಸಿಸ್. ಇದು ಸಾಮಾನ್ಯವಾಗಿ ಎಡ-ಬಲ ಎರಡೂ ಬದಿಯ ಜೋಡಿ ಹಲ್ಲುಗಳಲ್ಲಿ ಒಂದೇ ರೀತಿ ಹರಡಿರುತ್ತದೆ. ಹುಳುಕಿನ ಮೊದಲ ಹಂತದ ಬಿಳಿ ಕಲೆಯಾದರೋ ಒಸಡಿನ ಅಂಚಿನಲ್ಲಿ ಅಥವಾ ತಂತಿಯನ್ನು ಹಿಡಿದಿಡಲು ಹಲ್ಲಿಗೆ ಅಂಟಿಸಿದ ತುಣುಕಿನ ಸುತ್ತ, ಲೋಳೆ ನಿಲ್ಲುವ ಜಾಗದಲ್ಲಿ ಇರುತ್ತದೆ. ಫ್ಲೋರೋಸಿಸ್ ಕಲೆಯನ್ನು ಕ್ರೀಮೊಂದೇ ಅಳಿಸಲಾರದು. ಅದಕ್ಕೆ ದಂತವೈದ್ಯರು ಮೇಲ್ಪದರವನ್ನು ನಯವಾಗಿ ಉಜ್ಜುವ ಚಿಕಿತ್ಸೆ ಮಾಡಿ, ಅದರ ನಂತರ ಇಂಥ ಕ್ರೀಮನ್ನು ಹಚ್ಚಲು ಹೇಳುವುದುಂಟು. ಅಂಥ ಊರುಗಳಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಫ್ಲೋರೈಡ್ ಇರುವ ಯಾವುದನ್ನು ಎಷ್ಟು ಬಳಸಬೇಕು ಎಂಬುದನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಯಾರು ಬಳಸಬಾರದು

ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರು ಸಿಪಿಪಿ-ಎಸಿಪಿ ಕ್ರೀಮನ್ನು ಮುಟ್ಟಲೇಬಾರದು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಲ್ಯಾಕ್ಟೋಸ್ ತೊಂದರೆ ಬೇರೆ, ಅದು ಹಾಲಿನ ಸಕ್ಕರೆಗೆ ಸಂಬಂಧಿಸಿದ್ದು. ಅಲರ್ಜಿಯಾದರೋ ಪ್ರೋಟೀನಿಗೆ ಆಗುವಂಥದ್ದು, ಮೈಮೇಲೆ ದದ್ದು, ತುಟಿ ಊತ, ಉಸಿರಾಟದ ತೊಂದರೆಯವರೆಗೂ ಹೋಗಬಲ್ಲದು. ತಮ್ಮದು ಯಾವುದೆಂದು ಖಚಿತವಿಲ್ಲದವರು ಮೊದಲು ವೈದ್ಯರನ್ನು ಕೇಳಬೇಕು. ಬೆಂಜೋಯೇಟ್ ಸಂರಕ್ಷಕಗಳಿಗೆ ಅಲರ್ಜಿ ಇರುವವರೂ ಇದನ್ನು ಬಳಸಬಾರದು. ಹಾಲಿನ ಪದಾರ್ಥಗಳನ್ನೇ ಬಿಟ್ಟಿರುವವರು ಹೈಡ್ರಾಕ್ಸಿಅಪಟೈಟ್ ಪೇಸ್ಟನ್ನು ಆರಿಸಿಕೊಳ್ಳಬಹುದು. ಫ್ಲೋರೈಡ್ ಇರುವ ಬಗೆಯನ್ನು ಆರು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು, ಏಕೆಂದರೆ ಅವರು ಉಗಿಯುವುದಕ್ಕಿಂತ ನುಂಗುವುದೇ ಹೆಚ್ಚು.

ಮನೆಯಲ್ಲಿ ನಾಯಿ ಇರುವವರು ಟ್ಯೂಬನ್ನು ಅದಕ್ಕೆ ಎಟುಕದ ಕಡೆ ಇಡಬೇಕು. ಈ ಕ್ರೀಮುಗಳಲ್ಲಿರುವ ಜೈಲಿಟಾಲ್ ಎಂಬ ಸಿಹಿಕಾರಕ ಮನುಷ್ಯರ ಹಲ್ಲಿಗೆ ಒಳ್ಳೆಯದಾದರೂ ನಾಯಿಗಳಿಗೆ ವಿಷ.

ರಾತ್ರಿಯ ಕ್ರಮ

ಕ್ರೀಮ್ ಹಚ್ಚಲು ಅತ್ಯುತ್ತಮ ಸಮಯ ರಾತ್ರಿ ಮಲಗುವ ಮುನ್ನ. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ಬಹುಮಟ್ಟಿಗೆ ನಿಂತೇಹೋಗುತ್ತದೆ. ಹಲ್ಲನ್ನು ಕಾಯುವ ಜೊಲ್ಲು ಇಲ್ಲದಿರುವುದರಿಂದ ಅದು ಅಪಾಯದ ವೇಳೆಯೂ ಹೌದು, ಹಚ್ಚಿದ್ದನ್ನು ತೊಳೆದುಹಾಕುವ ಜೊಲ್ಲು ಇಲ್ಲದಿರುವುದರಿಂದ ಕ್ರೀಮಿಗೆ ಅನುಕೂಲದ ವೇಳೆಯೂ ಹೌದು. ಊಟ, ಹಾಲು, ಮಾತ್ರೆ, ಎಲೆಯಡಿಕೆ ಎಲ್ಲವೂ ಮುಗಿದ ಮೇಲೆಯೇ ಈ ಕೆಲಸಕ್ಕೆ ತೊಡಗಬೇಕು.

ಮೊದಲು ಹಲ್ಲುಗಳ ನಡುವೆ ಫ್ಲಾಸ್ ಅಥವಾ ಸಣ್ಣ ಬ್ರಶ್ ಆಡಿಸಿ ಶುಚಿಮಾಡಿಕೊಳ್ಳಿ. ಆಮೇಲೆ ಮೃದುವಾದ ಬ್ರಶ್ಶಿನಲ್ಲಿ ಫ್ಲೋರೈಡ್ ಪೇಸ್ಟಿನಿಂದ ಎರಡು ನಿಮಿಷ ಉಜ್ಜಿ. ಭಾರತದ ನಿಯಮದಂತೆ ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಅಲ್ಲಿನ ಅಂಗಡಿಗಳಲ್ಲಿ 1350ರಿಂದ 1500 ಪಿಪಿಎಂವರೆಗಿನ ಪೇಸ್ಟು ಸಿಗುತ್ತದೆ, ದೊಡ್ಡವರಿಗೆ ಅಲ್ಲಿ ಅದನ್ನೇ ಸೂಚಿಸುತ್ತಾರೆ. ಇದ್ದಿಲಿನ ಪುಡಿ, ಉಪ್ಪು, ಇಟ್ಟಿಗೆಪುಡಿಯಂತೆ ಒರಟಾದ ಹಲ್ಲುಪುಡಿಗಳನ್ನು ಬಳಸುವ ಅಭ್ಯಾಸವಿದ್ದರೆ ಈ ಅವಧಿಯಲ್ಲಿ ಖಂಡಿತವಾಗಿ ನಿಲ್ಲಿಸಬೇಕು. ಖನಿಜ ಕಳೆದುಕೊಂಡು ಮೆತ್ತಗಾದ ಕವಚವನ್ನು ಅವು ಉಜ್ಜಿ ತೆಗೆದುಬಿಡುತ್ತವೆ. ಉಜ್ಜಿದ ಮೇಲೆ ನೊರೆಯನ್ನು ಚೆನ್ನಾಗಿ ಉಗಿಯಿರಿ, ಆದರೆ ಲೋಟಗಟ್ಟಲೆ ನೀರಿನಿಂದ ಮುಕ್ಕಳಿಸಬೇಡಿ. ನಮ್ಮಲ್ಲಿ ಬಾಯಿ ಮುಕ್ಕಳಿಸದೆ ಹಲ್ಲುಜ್ಜಿದಂತೆಯೇ ಅನ್ನಿಸುವುದಿಲ್ಲ. ಆದರೂ ಈ ಅಭ್ಯಾಸ ಬದಲಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಹಲ್ಲಿನ ಮೇಲೆ ಉಳಿಯುವ ಅಲ್ಪ ಫ್ಲೋರೈಡೇ ಮುಂದಿನ ಗಂಟೆಗಳಲ್ಲಿ ಕೆಲಸ ಮಾಡುತ್ತದೆ. ಕ್ರೀಮಿನ ಕ್ಯಾಲ್ಸಿಯಂ, ಫಾಸ್ಫೇಟುಗಳ ಜೊತೆ ಆ ಫ್ಲೋರೈಡ್ ಇದ್ದರೆ ಹೊಸದಾಗಿ ಕೂಡುವ ಹರಳು ಆಮ್ಲಕ್ಕೆ ಇನ್ನಷ್ಟು ತಡೆಯುವಂಥದ್ದಾಗುತ್ತದೆ.

ಈಗ ಕೈ ತೊಳೆದುಕೊಂಡು, ಬೆರಳ ತುದಿಗೆ ಬಟಾಣಿ ಕಾಳಿನಷ್ಟು ಕ್ರೀಮ್ ತೆಗೆದುಕೊಂಡು ಮೇಲ್ಸಾಲಿನ ಹಲ್ಲುಗಳಿಗೆ ಹಚ್ಚಿ; ಇನ್ನೊಂದು ಬಟಾಣಿಯಷ್ಟನ್ನು ಕೆಳಸಾಲಿಗೆ ಹಚ್ಚಿ. ಬಿಳಿ ಕಲೆಯಿರುವ ಜಾಗಕ್ಕೂ ಒಸಡಿನ ಅಂಚಿಗೂ ಮೊದಲು ತಾಕಿಸಿ, ಉಳಿದದ್ದನ್ನು ಮಿಕ್ಕ ಕಡೆಗೆ ಸವರಿ. ಹಲ್ಲಿಗೆ ತಂತಿ ಇರುವವರು ಹತ್ತಿಕಡ್ಡಿಯಿಂದ ಪ್ರತಿ ತುಣುಕಿನ ಸುತ್ತಲೂ ಹಚ್ಚಿಕೊಳ್ಳಬಹುದು. ಉಜ್ಜಬೇಕಿಲ್ಲ, ತೀಡಬೇಕಿಲ್ಲ, ತೆಳುವಾಗಿ ಲೇಪಿಸಿದರೆ ಸಾಕು. ಕನಿಷ್ಠ ಮೂರು ನಿಮಿಷ ಹಾಗೆಯೇ ಬಿಡಿ. ಆ ಹೊತ್ತಿನಲ್ಲಿ ಜೊಲ್ಲು ತುಂಬಿಬರುವುದು ಸಹಜ, ಅದನ್ನು ಉಗಿಯಬೇಡಿ. ಆಮೇಲೆ ನಾಲಿಗೆಯಿಂದ ಕ್ರೀಮನ್ನು ಬಾಯಿತುಂಬ ಹರಡಿ, ಇನ್ನೂ ಒಂದೆರಡು ನಿಮಿಷ ನುಂಗದೆ ಉಗಿಯದೆ ಹಿಡಿದಿಟ್ಟುಕೊಳ್ಳಿ. ಜೊಲ್ಲಿನೊಂದಿಗೆ ಹೆಚ್ಚು ಹೊತ್ತು ಬೆರೆತಷ್ಟೂ ಅದರ ಕೆಲಸ ಹೆಚ್ಚುತ್ತದೆ. ಕೊನೆಗೆ ಹೆಚ್ಚಾದದ್ದನ್ನು ಉಗಿದು, ಮುಕ್ಕಳಿಸದೆ, ಹಲ್ಲಿನ ಮೇಲೆ ಉಳಿದದ್ದು ತಾನಾಗಿ ಕರಗಲು ಬಿಟ್ಟು ಮಲಗಿ. ಹಚ್ಚಿದ ಮೇಲೆ ಕನಿಷ್ಠ ಅರ್ಧ ಗಂಟೆ ಏನನ್ನೂ ತಿನ್ನಬಾರದು, ಕುಡಿಯಬಾರದು.

ವೈದ್ಯರು ದಿನಕ್ಕೆ ಎರಡು ಸಲ ಎಂದು ಹೇಳಿದ್ದರೆ ಬೆಳಗಿನ ತಿಂಡಿಯ ನಂತರ ಹಲ್ಲುಜ್ಜಿ ಇದೇ ಕ್ರಮವನ್ನು ಅನುಸರಿಸಿ. ಬೆಳಗ್ಗೆ ಎದ್ದೊಡನೆ ಉಜ್ಜಿ, ಕ್ರೀಮ್ ಹಚ್ಚಿ, ಹತ್ತು ನಿಮಿಷದಲ್ಲಿ ಫಿಲ್ಟರ್ ಕಾಫಿ ಕುಡಿದರೆ ಆ ಲೇಪನದಿಂದ ಪ್ರಯೋಜನವಿಲ್ಲ. ಬಟಾಣಿಯಷ್ಟು ಎಂದರೆ ಸುಮಾರು ಕಾಲು ಗ್ರಾಂ ಎಂದಿಟ್ಟುಕೊಂಡರೆ, 40 ಗ್ರಾಮಿನ ಟ್ಯೂಬು ರಾತ್ರಿ ಮಾತ್ರ ಬಳಸುವವರಿಗೆ ಎರಡೂವರೆ ತಿಂಗಳಷ್ಟು ಬರುತ್ತದೆ. ಹೆಚ್ಚು ಹಚ್ಚಿದರೆ ಹೆಚ್ಚು ಫಲ ಎಂಬುದೇನಿಲ್ಲ.

ಹಗಲಿನ ಆಮ್ಲವನ್ನು ತಡೆಯದೆ ಫಲವಿಲ್ಲ

ರಾತ್ರಿ ತುಂಬಿದ್ದನ್ನು ಹಗಲಿನಲ್ಲಿ ಕಳೆದುಕೊಳ್ಳುವವರೇ ಹೆಚ್ಚು. ತೂಕ ಇಳಿಸಲೆಂದು ದಿನವೂ ಬೆಳಗ್ಗೆ ನಿಂಬೆಹಣ್ಣಿನ ನೀರನ್ನು ಗುಟುಕುಗುಟುಕಾಗಿ ಕುಡಿಯುವುದು ಇಂದು ಬಹಳ ಮನೆಗಳ ರೂಢಿ. ನಿಂಬೆರಸದ ಪಿಎಚ್ ಸುಮಾರು 2ರಿಂದ 3; ನೀರು ಬೆರೆಸಿದರೂ ಅದು ಎನಾಮಲ್ ಕರಗುವ ಮಟ್ಟಕ್ಕಿಂತ ಕೆಳಗೇ ಇರುತ್ತದೆ. ತಂಪು ಪಾನೀಯಗಳೂ, ಡಯಟ್ ಎಂದು ಮಾರುವ ಸಕ್ಕರೆಯಿಲ್ಲದ ಪಾನೀಯಗಳೂ ಹಾಗೆಯೇ. ಸಕ್ಕರೆ ಇಲ್ಲದಿದ್ದರೂ ಆಮ್ಲ ಇದ್ದೇ ಇರುತ್ತದೆ. ಹುಣಸೆಹಣ್ಣನ್ನು ಚೀಪುವುದು, ಹುಳಿ ಮಾವಿನಕಾಯಿಯನ್ನು ಕಚ್ಚಿ ತಿನ್ನುವುದು, ವಿಟಮಿನ್ ಸಿ ಮಾತ್ರೆಯನ್ನು ಬಾಯಲ್ಲಿಟ್ಟು ಚಪ್ಪರಿಸುವುದು ಇವೂ ಅದೇ ಸಾಲಿಗೆ ಸೇರುತ್ತವೆ. ಸಾರಿಗೆ ಬಿದ್ದ ಹುಣಸೆಯ ಬಗ್ಗೆ ಚಿಂತಿಸಬೇಕಿಲ್ಲ. ಅನ್ನದೊಂದಿಗೆ ಬೆರೆತು ಬೇಗ ನುಂಗಿಹೋಗುತ್ತದೆ. ಆಮ್ಲ ಹಲ್ಲಿಗೆ ತಾಗಿ ನಿಲ್ಲುವ ಹೊತ್ತೇ ಹಾನಿಯನ್ನು ನಿರ್ಧರಿಸುತ್ತದೆ.

ಹುಳಿಯಾದದ್ದನ್ನು ತಿಂದ ಕೂಡಲೇ ಹಲ್ಲುಜ್ಜುವುದು ಒಳ್ಳೆಯ ಅಭ್ಯಾಸವೆಂದು ಬಹಳ ಜನ ನಂಬಿದ್ದಾರೆ. ಆಗ ಕವಚದ ಮೇಲ್ಪದರ ಮೆತ್ತಗಾಗಿರುತ್ತದೆ, ಬ್ರಶ್ಶು ಅದನ್ನು ಸವೆಸುತ್ತದೆ. ಮೊದಲು ಬರೀ ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಉಜ್ಜಬೇಕು. ಬಸುರಿಯರಲ್ಲಿ ವಾಂತಿಯಾದಾಗ, ಹೊಟ್ಟೆಯ ಹುಳಿ ಬಾಯಿಗೆ ಬರುವ ತೊಂದರೆಯಿರುವವರಿಗೆ ಹುಳಿತೇಗು ಬಂದಾಗ, ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಬೆರೆಸಿ ಮುಕ್ಕಳಿಸಿದರೆ ಆಮ್ಲ ತಣಿಯುತ್ತದೆ. ಆಮೇಲೆ ಬೇಕಾದರೆ ಕ್ರೀಮನ್ನು ತೆಳ್ಳಗೆ ಹಚ್ಚಿಕೊಳ್ಳಬಹುದು. ಹುಳಿತೇಗು ಪದೇಪದೇ ಬರುತ್ತಿದ್ದರೆ ಅದರ ಮೂಲಕ್ಕೇ ಚಿಕಿತ್ಸೆ ಬೇಕು.

ಬಾಯಿ ಒಣಗುವವರ ಸ್ಥಿತಿ ಇನ್ನೂ ಸೂಕ್ಷ್ಮವಾದದ್ದು. ಅಲರ್ಜಿ, ಖಿನ್ನತೆ, ರಕ್ತದೊತ್ತಡಗಳಿಗೆ ಕೊಡುವ ಹಲವು ಮಾತ್ರೆಗಳು ಜೊಲ್ಲನ್ನು ಕಡಿಮೆ ಮಾಡುತ್ತವೆ. ಬಾಯಿ ಅಥವಾ ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಜೊಲ್ಲಿನ ಗ್ರಂಥಿಗಳೇ ಹಾನಿಗೊಂಡು, ಕೆಲವೇ ತಿಂಗಳುಗಳಲ್ಲಿ ಹಲವು ಹಲ್ಲುಗಳು ಒಟ್ಟಿಗೆ ಹುಳುಕಾಗುವುದುಂಟು. ಇವರಿಗೆ ಕ್ರೀಮು ನೆರವಾಗುತ್ತದೆ, ಆದರೆ ಅದೊಂದನ್ನೇ ನಂಬಿ ಕೂರುವಂತಿಲ್ಲ. ಚಿಕಿತ್ಸೆ ಶುರುವಾಗುವ ಮೊದಲೇ ದಂತವೈದ್ಯರನ್ನು ಕಂಡು ಹೆಚ್ಚು ಪ್ರಮಾಣದ ಫ್ಲೋರೈಡಿನ ವ್ಯವಸ್ಥೆ ಮಾಡಿಸಿಕೊಳ್ಳಬೇಕೆಂದು ಅವರ ಮನೆಯವರಲ್ಲಿ ನನ್ನ ಕಳಕಳಿಯ ವಿನಂತಿ.

ಫಲವನ್ನು ಅಳೆಯುವುದು

ಜುಮ್ಮು ಕೆಲವು ವಾರಗಳಲ್ಲಿ ಕಡಿಮೆಯಾಗಬಹುದು. ಬಿಳಿ ಕಲೆ ಮಾತ್ರ ತಿಂಗಳುಗಳನ್ನು ಕೇಳುತ್ತದೆ. ಮೂರು ತಿಂಗಳಾದ ಮೇಲೆ ಅದೇ ಬೆಳಕಿನಲ್ಲಿ, ಹಲ್ಲನ್ನು ಅದೇ ರೀತಿ ಒಣಗಿಸಿ, ಹಳೆಯ ಚಿತ್ರದೊಂದಿಗೆ ಹೋಲಿಸಿ ನೋಡಿ. ಮೇಲ್ಮೈ ಒರಟುತನ ಹೋಗಿ ಹೊಳಪು ಬಂದಿದ್ದರೆ ಖನಿಜ ನಷ್ಟ ನಿಂತಿದೆ ಎಂದರ್ಥ, ಕಲೆಯ ಬಿಳುಪು ಪೂರ್ತಿ ಹೋಗದಿದ್ದರೂ ಸರಿಯೇ. ಮೇಲ್ಪದರ ಮೊದಲು ಗಟ್ಟಿಯಾಗಿ ಒಳಗಿನ ರಂಧ್ರಗಳು ಹಾಗೆಯೇ ಉಳಿದಾಗ ಕಲೆ ಕಾಣುತ್ತಲೇ ಇರುತ್ತದೆ. ಅದು ಮುಂದಿನ ಹಲ್ಲಿನಲ್ಲಿದ್ದು ನೋಟಕ್ಕೆ ತೊಂದರೆಯಾದರೆ, ತೆಳುವಾದ ರಾಳವನ್ನು ಆ ರಂಧ್ರಗಳೊಳಗೆ ಇಳಿಸಿ ಕಲೆಯನ್ನು ಮರೆಮಾಡುವ ಚಿಕಿತ್ಸೆ ದಂತವೈದ್ಯರಲ್ಲಿದೆ. ಮೂರು ತಿಂಗಳ ನಂತರವೂ ಕಲೆ ಸುಣ್ಣದಂತೆ ಮಾಸಲಾಗಿ ಒರಟಾಗಿಯೇ ಇದ್ದರೆ, ಅಥವಾ ಮೊದಲಿಗಿಂತ ಅಗಲವಾಗಿದ್ದರೆ, ಇನ್ನೊಂದು ಟ್ಯೂಬು ಕೊಳ್ಳುವ ಮೊದಲು ದಂತವೈದ್ಯರನ್ನು ಕಂಡು ಫ್ಲೋರೈಡ್ ವಾರ್ನಿಶ್ ಬಗ್ಗೆ ಕೇಳಿ. 22,600 ಪಿಪಿಎಂ ಫ್ಲೋರೈಡ್ ಇರುವ ಈ ಲೇಪವನ್ನು ಕ್ಲಿನಿಕ್ಕಿನಲ್ಲೇ ಕೆಲವು ನಿಮಿಷಗಳಲ್ಲಿ ಹಚ್ಚುತ್ತಾರೆ, ಅಗತ್ಯಕ್ಕೆ ತಕ್ಕಂತೆ ಮೂರರಿಂದ ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚುತ್ತಾರೆ. ಅಲ್ಲಿಗೆ ಹೋಗುವಾಗ ನೀವು ತೆಗೆದಿಟ್ಟ ಎರಡೂ ಚಿತ್ರಗಳನ್ನೂ, ಬಳಸುತ್ತಿರುವ ಪೇಸ್ಟು ಮತ್ತು ಕ್ರೀಮಿನ ಪೆಟ್ಟಿಗೆಗಳನ್ನೂ, ದಿನವೂ ನುಂಗುವ ಮಾತ್ರೆಗಳ ಚೀಟಿಯನ್ನೂ ಜೊತೆಗೆ ಒಯ್ಯಿರಿ.